ಮೂರು ಗುಬ್ಬಿಯ ಢಾಲು

ಮೆಂತ್ಯ ನೆನೆಹಾಕಿದ್ದೇನೆ. ಮೊಣಕಾಲು ನೋವಿಗಲ್ಲ, ಕೂದಲಿಗೂ ಅಲ್ಲ. ನನ್ನ ಮಟ್ಟಿಗೆ ಎರಡಕ್ಕೂ ಕಾಲ ಮಿಂಚಿದೆ. ಇಲಿ ಕಡಿದ ಒಂದು ಢಾಲಿನ, ಅಂದರೆ ನಾಟಕದ ಗುರಾಣಿಯ, ಅಂಚು ಸರಿಮಾಡಬೇಕಾಗಿದೆ. ನೆನೆದ ಮೆಂತ್ಯದ ಕಹಿ ವಾಸನೆ ಅಡುಗೆಮನೆ ತುಂಬಿದ್ದೇ ತಡ, ನಮ್ಮ ಚಿಗವ್ವ ಬಂದು ಪಕ್ಕದಲ್ಲಿ ಕೂತಂತಾಯಿತು.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಮದುವೆಯಾಗಿ ರಾಮದುರ್ಗಕ್ಕೆ ಹೋದವಳು ಎರಡೇ ವರ್ಷಕ್ಕೆ ಬೈಲಹೊಂಗಲದ ನಮ್ಮ ಮನೆಗೆ ಬಂದುಬಿಟ್ಟಳು. ಗಂಡ ಕೈ ಮಾಡುತ್ತಿದ್ದ. "ದಿನಾ ಬಡಸ್ಕೊಳ್ಳಾಕ ನಾ ಏನ ಹಲಗಿ ಏನ?" ಎಂದಳಂತೆ. ಓಣಿಯವರಿಗೆ ಆ ಕಾರಣ ಸಾಲಲಿಲ್ಲ. ಆಕೆಯಲ್ಲೇ ಏನೋ ಕೊರತೆ ಇರಬೇಕೆಂದು ಹುಡುಕುತ್ತಲೇ ಇದ್ದರು. ಆಕೆಯೋ ರದ್ದಿ ಕಾಗದ ನೆನೆಸಿ, ಅರೆದ ಮೆಂತ್ಯ ಕಲಸಿ, ಬೋರಲು ಹಾಕಿದ ಕೊಡದ ಮೇಲೆ ಬಡಿದು ಬುಟ್ಟಿ ಮಾಡುತ್ತ ಕೂತಿರುತ್ತಿದ್ದಳು. ರೊಟ್ಟಿ ಇಡಲು ಆಕೆ ಮಾಡಿದ ಬುಟ್ಟಿ ಓಣಿಯ ಎಲ್ಲ ಮನೆಗಳಲ್ಲೂ ಇತ್ತು, ಆಕೆಯನ್ನು ಆಡಿಕೊಳ್ಳುವವರ ಮನೆಯಲ್ಲೂ.

ನಾನು ಹೈಸ್ಕೂಲಿನಲ್ಲಿದ್ದಾಗ ಊರಿನ ಟಾಕೀಜಿಗೆ ಒಂದು ರಾಣಿಯ ಸಿನಿಮಾ ಬಂತು. ಯಾವುದೋ ಕಟ್ಟುಕಥೆಯ ರಾಣಿ. ಆದರೆ ಕಿತ್ತೂರಿನ ನೆರೆಯಲ್ಲಿ ಬೆಳೆದ ನಮಗೆ ಕುದುರೆ ಹತ್ತಿದ ಹೆಂಗಸರೆಲ್ಲ ನೆಂಟರೇ. ಶಾಲೆಯ ವಾರ್ಷಿಕೋತ್ಸವದಲ್ಲಿ, ಅಂದರೆ ನಮ್ಮ ಗ್ಯಾದರಿಂಗಿನಲ್ಲಿ, ಅದರ ಕೊನೆಯ ಯುದ್ಧ ಆಡುವುದೆಂದಾಯಿತು. ನಾನು ರಾಣಿ. ಅಭಿನಯ ನೋಡಿ ಆರಿಸಿದರೆಂದು ತಿಳಿಯಬೇಡಿ. ನನ್ನ ಗಂಟಲು ಶಾಲೆಯ ಮೈದಾನದ ಹಿಂದಿನ ಬೇಲಿಯವರೆಗೂ ಕೇಳುತ್ತಿತ್ತು. ಢಾಲಿಗೇನು ಮಾಡುವುದು ಎಂಬ ಮಾತು ಬಂದಾಗ ಚಿಗವ್ವ, "ನಾ ಮಾಡಿಕೊಡ್ತೇನಿ, ಪಿಚ್ಚರಿನ್ಯಾಗ ಇದ್ದಂಗ" ಎಂದಳು.

ಆ 'ಇದ್ದಂಗ'ವನ್ನು ಆಕೆ ಎಷ್ಟು ಮನಸ್ಸಿಗೆ ಹಚ್ಚಿಕೊಂಡಳೆಂದರೆ ಅದೇ ಸಿನಿಮಾ ಐದು ಸಲ ನೋಡಿದಳು. ನಾನು ಹಾಡಿಗೆ ಬಾಯಿ ಬಿಟ್ಟು ಕೂತರೆ, ಆಕೆ ಢಾಲಿನ ಅಂಚಿನ ಹೂವಿಗೊಂದರಂತೆ ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ರಾಣಿಯ ಗದ್ದದಿಂದ ಸೊಂಟದವರೆಗೆ ಢಾಲು. ಮನೆಗೆ ಬಂದು ನನ್ನನ್ನು ನಿಲ್ಲಿಸಿ ಅಷ್ಟೇ ಗೇಣು ಹಾಕಿದಳು. ಹಿಟ್ಟು ನಾದುವ ದೊಡ್ಡ ಪರಾತ ಬೋರಲು ಹಾಕಿ, ಮೇಲೆ ಕಾಗದದ ಮುದ್ದೆ ಬಡಿದು ಒಣಗಿಸಿ, ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿದಳು. ನೋಡಿದವರು ಕಬ್ಬಿಣವೇ ಅನ್ನಬೇಕು. ಸಿನಿಮಾದ ಢಾಲಿನ ಮೇಲೆ ಹಿತ್ತಾಳೆಯ ಗುಬ್ಬಿಗಳಿದ್ದವು, ಹಕ್ಕಿಯಲ್ಲ, ದುಂಡನೆಯ ಉಬ್ಬುಗಳು. ಅವನ್ನೂ ಕಾಗದದಲ್ಲೇ, ಕುಂಕುಮದ ಬಟ್ಟಲನ್ನು ಅಚ್ಚು ಮಾಡಿಕೊಂಡು ತೆಗೆದು, ಚಹಾಪುಡಿ ಪೊಟ್ಟಣದ ಬಂಗಾರಬಣ್ಣದ ಕಾಗದ ಸುತ್ತಿದಳು. ಅಂಟಿಸಿದ್ದು ಮೂರು. ನಾಲ್ಕನೆಯದರ ಜಾಗ ಖಾಲಿ.

ನಾಟಕ ಕಲಿಸುವ ಮಾಸ್ತರರು ಢಾಲನ್ನು ತಿರುಗಿಸಿ ತಿರುಗಿಸಿ ನೋಡಿದರು. "ಛಲೋ ಆಗೇತಿ ನೋಡವಾ. ಆದರ ಒಂದ ಕಮ್ಮಿ ಐತಿ. ಅದನ್ನೊಂದ ಹಚ್ಚಿಕೊಟ್ಟಬಿಡು."

"ಇಲ್ರಿ ಸರ. ಪಿಚ್ಚರಿನ್ಯಾಗ ಮೊದಲ ನಾಕ ಇದ್ದೂ. ಕ್ವಾಟಿ ಮುಂದಿನ ಲಡಾಯ್ದಾಗ ಒಂದ ಹಾರಿ ಬಿತ್ತು. ನೀವು ಆಡೂದು ಅದಾದ ಮ್ಯಾಲಿನ ಕಡೀ ಲಡಾಯಿ. ಒಂದ ಬಿತ್ತಂತ ಆಕಿ ಏನ ಢಾಲ ಕೆಳಗಿಟ್ಟಳೇನ್ರಿ? ನಾ ಹಚ್ಚಂಗಿಲ್ಲ."

"ನೋಡಿದ ಮಂದಿ ಏನ ಅಂದಾರು?"

"ಅನ್ನೋ ಮಂದಿ ನಾಕ ಇದ್ರೂ ಅಂತಾರ್ರಿ."

ನನಗೆ ಆಗ ಆಕೆಯ ಮೇಲೆ ಅಭಿಮಾನ ಉಕ್ಕಿತೆಂದರೆ ನಿಮಗೆ ಸುಳ್ಳು ಹೇಳಿದಂತಾದೀತು. ನಾಚಿಕೆಯಾಯಿತು. ಊರೆಲ್ಲ ಆಕೆಯಲ್ಲಿ ಹುಡುಕುತ್ತಿದ್ದ ಕೊರತೆಯನ್ನು ನನ್ನ ಕೈಗೇ ಕೊಟ್ಟು ವೇದಿಕೆ ಹತ್ತಿಸುತ್ತಿದ್ದಾಳೆ ಅನಿಸಿತು. ಗ್ಯಾದರಿಂಗಿನ ದಿನ ಬೆಳಿಗ್ಗೆ ಆಕೆಗೆ ಕಾಣದ ಹಾಗೆ ರೊಟ್ಟಿಯ ಹಿಟ್ಟಿನಲ್ಲಿ ಒಂದು ಗುಬ್ಬಿ ಮಾಡಿ, ಉಳಿದಿದ್ದ ಬಂಗಾರದ ಕಾಗದ ಸುತ್ತಿ, ಖಾಲಿ ಜಾಗಕ್ಕೆ ಒತ್ತಿಬಿಟ್ಟೆ.

ಸಂಜೆ, ಕತ್ತಿಯ ಮೊದಲ ಪೆಟ್ಟಿಗೇ ಅದು ಕಿತ್ತುಬಂದು, ಉರುಳುತ್ತ ಹೋಗಿ ಅತಿಥಿಗಳ ಕಾಲಬಳಿ ನಿಂತಿತು. ಮಂದಿ ಬಿದ್ದುಬಿದ್ದು ನಕ್ಕರು. ನನಗೆ ಮಾತೆಲ್ಲ ಮರೆತುಹೋಗಿ ಢಾಲು ಹಿಡಿದ ಕೈ ಇಳಿಯತೊಡಗಿತು. ಆಗ ಹೆಂಗಸರ ಸಾಲಿನಿಂದ ಚಿಗವ್ವ ಎದ್ದು ನಿಂತು ಕೂಗಿದಳು: "ಢಾಲ ಎತ್ತ! ಕೆಳಗ ಇಳಸಬ್ಯಾಡ!" ಎತ್ತಿದೆ. ಮಾತು ತಾನಾಗಿ ಬಾಯಿಗೆ ಬಂತು, ಹಿಂದಿನ ಬೇಲಿಯವರೆಗೂ ಕೇಳಿತು. ನಗು ನಿಂತಿತು.

ಮನೆಗೆ ಬರುವಾಗ ಆಕೆ ಬೈಯಲಿಲ್ಲ. "ಜ್ವಾಳದ ಹಿಟ್ಟಿಗೆ ಜಿಗಿ ಎಲ್ಲಿರತೈತಿ, ಹುಚ್ಚಿ? ಗೋದಿ ಹಿಟ್ಟ ಹಚ್ಚಬೇಕಿತ್ತು" ಎಂದಳು, ಅಷ್ಟೇ. ರಾಮದುರ್ಗಕ್ಕೆ ಆಕೆ ಮತ್ತೆ ಹೋಗಲಿಲ್ಲ. ಕೊನೆಯತನಕ ಬುಟ್ಟಿ ಬಡಿಯುತ್ತ ನಮ್ಮ ಮನೆಯಲ್ಲೇ ತಲೆಯೆತ್ತಿ ಬದುಕಿದಳು.

ನಿನ್ನೆ ಅದೇ ಶಾಲೆಯ ಈಗಿನ ಟೀಚರು ಫೋನ್ ಮಾಡಿದ್ದರು. ಶಾಲೆಯ ಹಳೆಯ ಫೋಟೊದಲ್ಲಿ ಢಾಲನ್ನು ನೋಡಿದ್ದಾರೆ, ಈ ವರ್ಷದ ಗ್ಯಾದರಿಂಗಿಗೆ ಅದು ಬೇಕಂತೆ. "ಅಕ್ಕಾರ, ಅದರಾಗ ಒಂದ ಗುಬ್ಬಿ ಬಿದ್ದೈತಲ್ರಿ, ನಾವ ಹಚ್ಚಸ್ತೇವ್ರಿ" ಎಂದರು. ಇಷ್ಟು ವರ್ಷ ಯಾರಿಗೆ ಢಾಲು ತೋರಿಸಿದರೂ ಆ ಖಾಲಿ ಜಾಗಕ್ಕೆ ಅಂಗೈ ಅಡ್ಡ ಇಟ್ಟೇ ತೋರಿಸಿದವಳು ನಾನು. ನಿನ್ನೆ ಮಾತ್ರ ನನ್ನ ಗಂಟಲು ಹಳೆಯ ಗಂಟಲಾಯಿತು. "ಬಿದ್ದಿದ್ದಲ್ರಿ ಅದು, ಬಿಟ್ಟಿದ್ದು. ಹಚ್ಚೂದಿದ್ರ ಢಾಲ ಕೊಡಂಗಿಲ್ಲ."

ಮೆಂತ್ಯ ನೆನೆದಿದೆ. ಇನ್ನು ಅರೆದು, ಕಾಗದದೊಂದಿಗೆ ಕಲಸಿ, ಇಲಿ ಕಡಿದ ಅಂಚಿಗಷ್ಟೇ ಹಚ್ಚುತ್ತೇನೆ. ಒಣಗಿದ ಮೇಲೆ ಒಯ್ಯಲು ಬರುತ್ತಾರೆ. ಮೂರೇ ಗುಬ್ಬಿ. ಎಣಿಸಿ ಒಯ್ಯಲಿ, ಎಣಿಸಿ ತಂದುಕೊಡಲಿ.