ಅರಣ್ಯ ಸೇವೆಯಲ್ಲಿ ಸಿಕ್ಕಿದ ಕರಿ ಪೈಪು

ರಜೆ ಎಂದರೆ ಕೆಲಸ ಬಿಟ್ಟು ಕೂರುವುದು ಎಂದು ನಾನು ಬಹುಕಾಲ ತಿಳಿದುಕೊಂಡಿದ್ದೆ. ದುಡ್ಡು ಕೊಟ್ಟು, ಬಸ್ಸು ಹಿಡಿದು, ಕಾಡಿಗೆ ಹೋಗಿ ಕಲ್ಲು ಹೊರುವುದಕ್ಕೂ ರಜೆ ಎನ್ನುತ್ತಾರೆಂದು ತಿಳಿದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಶಿರಸಿಯ ಬಸ್ ನಿಲ್ದಾಣದ ಕಂಬಕ್ಕೆ ಅಂಟಿಸಿದ್ದ ಕರಪತ್ರವೊಂದು ನನಗೆ ಆ ಜ್ಞಾನವನ್ನು ಕೊಟ್ಟಿತು. ಯಲ್ಲಾಪುರ ತಾಲೂಕಿನಲ್ಲಿ, ಇಡಗುಂದಿಯಿಂದಲೂ ಬಹಳ ಒಳಗೆ, ಘಟ್ಟದ ನೆತ್ತಿಯ ಕಾಡೊಂದಕ್ಕೆ ಆಗಷ್ಟೇ ‘ನಿಸರ್ಗ ಉದ್ಯಾನ’ ಎಂಬ ಬೋರ್ಡು ಬಿದ್ದಿತ್ತು. ಅಲ್ಲಿ ಕ್ರಿಸ್‌ಮಸ್ ರಜೆಯಲ್ಲಿ ಅರಣ್ಯ ಸೇವಾ ಶಿಬಿರ. ಊಟ ವಸತಿ ಸೇವೆಯ ಶುಲ್ಕದಲ್ಲೇ ಸೇರಿದೆ. ಕೊನೆಯ ದಿನ ಮಾಗೋಡು ಜಲಪಾತದ ದರ್ಶನ. ಇಷ್ಟೇ ಇದ್ದಿದ್ದರೆ ನಾನು ಓದಿ ಮುಂದೆ ನಡೆಯುತ್ತಿದ್ದೆ. ಆದರೆ ಅಡಿಯಲ್ಲಿ ದಪ್ಪ ಅಕ್ಷರಗಳಲ್ಲಿ ‘ಮನುಷ್ಯನ ಕೈ ಸೋಕದ ಆದಿಮ ಅರಣ್ಯ’ ಎಂದು ಅಚ್ಚಾಗಿತ್ತು.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಆಮೇಲೆ ಕಲಿತದ್ದೆಲ್ಲ ನನ್ನ ಗಡಿಯಾರ ರಿಪೇರಿ ಅಂಗಡಿಯಲ್ಲಿ, ಗಿರಾಕಿ ಬಾರದ ಹೊತ್ತಿನಲ್ಲಿ, ಸಿಕ್ಕಿದ ಪುಸ್ತಕಗಳಿಂದ. ಅಚ್ಚಾದ ಮಾತನ್ನೇ ಗುರುವೆಂದುಕೊಂಡು ಬೆಳೆದವನಿಗೆ ಅಚ್ಚಾದ ಸುಳ್ಳು ಮನೆಯೊಳಗೆ ಸೇರಿದ ಕಳ್ಳನಂತೆ ಕಾಣುತ್ತದೆ. ಹಿಡಿಯದೆ ನಿದ್ದೆ ಬರುವುದಿಲ್ಲ. ಆ ಕಾಡನ್ನು ನೋಡಿಯೇ ತೀರಬೇಕೆಂದು ಹೆಸರು ಕೊಟ್ಟೆ.

ಶಿಬಿರಕ್ಕೆ ಬಂದವರು ಹೆಚ್ಚಾಗಿ ಬೆಂಗಳೂರು, ಹುಬ್ಬಳ್ಳಿಯವರು. ಎಲ್ಲರಿಗಿಂತ ಹಿರಿಯ ನಾನೇ. ಮೈತುಂಬ ಜೇಬುಗಳಿದ್ದ ಅಂಗಿ ತೊಟ್ಟ ಬೆಂಗಳೂರಿನವರೊಬ್ಬರು ನಮ್ಮ ನಾಯಕರು. ಅಷ್ಟು ಜೇಬುಗಳಲ್ಲಿ ಏನಿತ್ತೋ ನಾನು ಕೊನೆಗೂ ತಿಳಿಯಲಿಲ್ಲ. ಪೆನ್ನು ಬೇಕಾದಾಗಲೆಲ್ಲ ನನ್ನದನ್ನೇ ಕೇಳುತ್ತಿದ್ದರು. ಮೊದಲ ದಿನ ಅವರು ನಮ್ಮನ್ನು ಮರಗಳ ಕೆಳಗೆ ಕೂರಿಸಿ, ಈ ಕಾಡು ಸಾವಿರಾರು ವರ್ಷಗಳಿಂದ ಹೀಗೆಯೇ ಇದೆಯೆಂದು ವಿವರಿಸಿದರು. ನಾವು ಕುಳಿತದ್ದು ಸಾಗವಾನಿ ಮರಗಳ ಕೆಳಗೆ. ಹಗ್ಗ ಹಿಡಿದು ನೆಟ್ಟಂತೆ ಅವು ಸಾಲಾಗಿ ನಿಂತಿದ್ದವು.

“ಈ ಮರಗಳಿಗೆ ಸಾಲಾಗಿ ನಿಲ್ಲುವುದನ್ನು ಕಲಿಸಿದವರು ಯಾರು?” ಎಂದು ಕೇಳಿದೆ.

“ಪ್ರಕೃತಿಗೆ ತನ್ನದೇ ಆದ ಒಂದು ಶಿಸ್ತಿದೆ ಸಾರ್.”

ಹಲವರು ತಲೆಯಾಡಿಸಿದರು. ಮುಂಬಯಿ ಸರಕಾರದ ಕಾಲದಲ್ಲಿ ಕೂಲಿಯವರು ಕಡಿದು, ಸುಟ್ಟು, ನೆಟ್ಟ ತೋಪು ಇದು ಎಂದು ನಾನು ಹೇಳಿದಾಗ, “ಸಾರ್, ಪ್ಲೀಸ್, ಪಾಸಿಟಿವ್ ಆಗಿ ಯೋಚನೆ ಮಾಡೋಣ” ಎಂದರು ನಾಯಕರು. ಮರದ ಸಾಲಿನಲ್ಲಿ ಪಾಸಿಟಿವ್ ಯಾವುದು, ನೆಗೆಟಿವ್ ಯಾವುದು ಎಂಬುದು ನನಗೆ ಇಂದಿಗೂ ಹೊಳೆದಿಲ್ಲ.

ನಾವಿದ್ದದ್ದು ತಗಡಿನ ಶೆಡ್ಡಿನಲ್ಲಿ. ಅದರ ಕೆಳಗಿನ ಇಳಿಜಾರಿನಲ್ಲಿ ಒಂದೇ ಒಂದು ಮನೆಯಿತ್ತು. ಕಾಡಿಗೆ ಉದ್ಯಾನವೆಂಬ ಹೆಸರು ಬರುವುದಕ್ಕೆ ಎರಡು ತಲೆಮಾರು ಮೊದಲೇ ಕಟ್ಟಿದ ಮನೆ. ನಮ್ಮ ಊಟ ತಿಂಡಿಯನ್ನು ವಹಿಸಿಕೊಂಡಿದ್ದವಳು ಆ ಮನೆಯಾಕೆ. ನಲವತ್ತರ ಆಸುಪಾಸಿನ, ಮಾತಿಗೆ ಹೆದರದ ಹೆಂಗಸು. ಅವಳ ಗಂಡ ಯಾವುದೋ ಕೆಲಸಕ್ಕೆಂದು ಯಲ್ಲಾಪುರಕ್ಕೆ ಹೋಗಿದ್ದ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಕೊಟ್ಟಿಗೆಯಲ್ಲಿ ದನಗಳು. ಈ ಉದ್ಯಾನದ ಮೇಲೆ ಉಳಿದಿರುವ ಒತ್ತಡವೆಂದರೆ ಈ ಮನೆಯೊಂದೇ, ಕಾಲಕ್ರಮದಲ್ಲಿ ಅವರೂ ಅರ್ಥಮಾಡಿಕೊಂಡು ಕೆಳಗಿಳಿದು ಹೋಗುತ್ತಾರೆ ಎಂದು ನಾಯಕರು ನಮಗೆ ತಿಳಿಸಿದರು. ಆಕೆ ಹೊಯ್ದುಕೊಟ್ಟ ಮೂರನೆಯ ತೆಳ್ಳೇವು ದೋಸೆಯನ್ನು ಜೋನಿ ಬೆಲ್ಲದಲ್ಲಿ ಅದ್ದಿಕೊಳ್ಳುತ್ತ ಈ ಮಾತು ಹೇಳಿದರು.

ಎರಡನೆಯ ದಿನ ಪ್ಲಾಸ್ಟಿಕ್ ಹೆಕ್ಕುವ ಕಾರ್ಯಕ್ರಮ. ವಯಸ್ಸಾದವನೆಂದು ನನ್ನನ್ನು ಶೆಡ್ಡಿನ ಬಳಿಯ ಕಾಲುದಾರಿಗೆ ಕಲ್ಲು ಜೋಡಿಸಲು ಬಿಟ್ಟು ಉಳಿದವರು ಚೀಲ ಹಿಡಿದು ಗುಡ್ಡ ಹತ್ತಿದರು. ಕಾಡಿನಲ್ಲಿ ಪ್ಲಾಸ್ಟಿಕ್ ಸಿಗಬೇಕಾದರೆ ಯಾರಾದರೂ ಮೊದಲು ಹೋಗಿ ಅದನ್ನು ಎಸೆದು ಬಂದಿರಬೇಕು. ಆ ಗುಡ್ಡಕ್ಕೆ ಹೊರಗಿನವರು ಹೋಗುತ್ತಲೇ ಇರಲಿಲ್ಲ. ಸಿಕ್ಕಿದ್ದು ಬಿಸ್ಕತ್ತಿನ ಒಂದು ಹಾಳೆ; ಅದೂ ಹಿಂದಿನ ದಿನ ನಮ್ಮವರೇ ತಿಂದ ಬಿಸ್ಕತ್ತಿನದು. ಸೇವೆಗೆಂದು ಅಷ್ಟು ದೂರ ಬಂದು ಬರಿಯ ಚೀಲ ಹೊತ್ತು ಇಳಿಯುವುದು ಹೇಗೆಂಬ ಸಂಕಟದಲ್ಲಿ ಅವರಿದ್ದಾಗ, ತರಗೆಲೆಯ ಅಡಿಯಲ್ಲಿ ಕರಿ ಪೈಪೊಂದು ಕಾಣಿಸಿತಂತೆ. ಎಳೆದಂತೆಲ್ಲ ಬಂತಂತೆ. ಜೋಡಣೆ ಇದ್ದಲ್ಲೆಲ್ಲ ಬಿಚ್ಚಿ, ಸುರುಳಿ ಸುತ್ತಿ, ಹೆಗಲಿಗೇರಿಸಿಕೊಂಡು, ಹೆಬ್ಬಾವು ಹಿಡಿದು ತಂದವರ ಠೀವಿಯಲ್ಲಿ ಅವರು ಕೂಗುತ್ತ ಇಳಿದು ಬಂದರು.

ನಾನು ಒಂದು ಸುರುಳಿಯನ್ನು ಮುಟ್ಟಿ ನೋಡಿದೆ. ಪೈಪಿನ ಬಾಯಿಯಿಂದ ತಣ್ಣನೆಯ ನೀರು ನನ್ನ ಪಾದದ ಮೇಲೆ ಸುರಿಯಿತು. ಜೋಡಣೆಯ ಜಾಗಕ್ಕೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಸುತ್ತಿ ಸುತ್ತಿ ಕಟ್ಟಿದ್ದರು.

“ಕಸವನ್ನು ಇಷ್ಟು ಜೋಪಾನವಾಗಿ ಕಟ್ಟಿ ಇಡುವವರು ಯಾರು?” ಎಂದೆ.

“ಯಾರೋ ಅಕ್ರಮವಾಗಿ ಹಾಕಿರ್ತಾರೆ ಸಾರ್. ಅಕ್ರಮ ಅಂದ್ಮೇಲೆ ಅದೂ ಕಸಾನೇ” ಎಂದು ನಾಯಕರು ತೀರ್ಪು ಕೊಟ್ಟರು.

ಅಷ್ಟರಲ್ಲಿ ಆ ಭಾಗದ ಫಾರೆಸ್ಟ್ ಗಾರ್ಡ್ ಸೈಕಲ್ ತಳ್ಳಿಕೊಂಡು ಬಂದ. ಹಾವೇರಿ ಕಡೆಯವನು, ದಿನಕ್ಕೊಮ್ಮೆ ನಮ್ಮನ್ನು ಎಣಿಸಿ ಹೋಗುವುದು ಅವನ ಕೆಲಸ. ಅವನು ಸೈಕಲ್ ನಿಲ್ಲಿಸುವುದಕ್ಕೂ ಬಿಡದೆ ನಾಯಕರು ಪೈಪಿನ ಒಂದು ತುದಿಯನ್ನು ಅವನ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ಹುಬ್ಬಳ್ಳಿಯ ಉಪನ್ಯಾಸಕಿಯೊಬ್ಬರ ಕೈಗಿತ್ತು, ಹಿಂದೆ ಶಿಬಿರದ ಬ್ಯಾನರು ಬರುವಂತೆ ಎಲ್ಲರನ್ನೂ ನಿಲ್ಲಿಸಿ ಫೋಟೋ ಹೊಡೆದರು. ಗಾರ್ಡ್ ಅಭ್ಯಾಸಬಲದಿಂದ ನೆಟ್ಟಗೆ ನಿಂತು ನಕ್ಕ. ತಾನು ಏನು ಹಿಡಿದುಕೊಂಡಿದ್ದೇನೆಂದು ಅವನು ನೋಡಿದ್ದು ಆಮೇಲೆ. ನಗು ಅಲ್ಲಿಗೇ ನಿಂತಿತು.

ಊಟದ ಹೊತ್ತು ಮೀರಿತು, ಊಟ ಬರಲಿಲ್ಲ. ಬಂದವಳು ಮನೆಯಾಕೆ, ಸೊಂಟದಲ್ಲಿ ಖಾಲಿ ಕೊಡಪಾನ ಇಟ್ಟುಕೊಂಡು.

“ಮಾವಾ, ಅಕ್ಕಿ ತೊಳ್ಯಲೂ ನೀರಿಲ್ಲೆ. ಹಂಡೆ ತುಂಬ್ತಾ ಇದ್ದಿತ್ತು, ಒಂದೇ ಸಲ ನಿಂತು ಹೋತು. ಮಂಗ ಪೈಪು ಹರದಿಕ್ಕು ಹೇಳಿ ನೋಡಲೆ ಹೊಂಟೆ…” ಎಂದು ನನಗೆ ಹೇಳುತ್ತಿದ್ದವಳ ಕಣ್ಣು ಬ್ಯಾನರಿನ ಅಡಿಯಲ್ಲಿ ಪ್ರದರ್ಶನಕ್ಕಿಟ್ಟ ಸುರುಳಿಗಳ ಮೇಲೆ ಬಿತ್ತು. ಆಮೇಲೆ ನಾಯಕರತ್ತ ತಿರುಗಿದಳು.

“ಮಂಗನೇ ಆಗಿದ್ರೆ ಬೇಕಾಗಿತ್ತು. ಅದು ಹರದಿಕ್ಕಿ ಅಲ್ಲೇ ಬಿಟ್ಟು ಹೋಗ್ತು. ಹಿಂಗೆ ಸುತ್ತಿ ಹೊತ್ಗಂಡು ಬತ್ತಿಲ್ಲೆ.”

ಗುಡ್ಡದ ಮೇಲಿನ ಒರತೆಯಿಂದ ತಾನಾಗಿ ಇಳಿದು ಮನೆಯ ಹಂಡೆಗೆ ಬೀಳುವ ನೀರಿಗೆ ನಮ್ಮಲ್ಲಿ ಅಬ್ಬಿ ನೀರು ಎನ್ನುತ್ತಾರೆ. ಆ ಮನೆಗೆ ಇದ್ದದ್ದು ಅದೊಂದೇ. ಬಾವಿ ತೋಡಿದರೆ ಬಂಡೆ. ಹೊಳೆ ಇರುವುದು ಕೈಕಾಲು ಗಟ್ಟಿಯಿದ್ದವರೂ ಹತ್ತಲು ಹೆದರುವ ಕೊರಕಲಿನ ತಳದಲ್ಲಿ. ಪೈಪು ಹೋದರೆ ಮನೆ ಹೋದಂತೆ. ನಾಯಕರು ಹೇಳಿದ ಕಾಲಕ್ರಮ ಆ ಮಧ್ಯಾಹ್ನವೇ ಬಂದುಬಿಟ್ಟಿತ್ತು.

ನಮ್ಮವರಲ್ಲಿ ಕೆಲವರು ನಿಜವಾಗಿಯೂ ನಾಚಿದರು. ವಾಪಸು ಹಾಕಿಬಿಡೋಣ ಎಂದರು ಉಪನ್ಯಾಸಕಿ. ಹಾಗಿದ್ದರೆ ಪ್ಲಾಸ್ಟಿಕ್ ಬೇಡ, ಹಿಂದಿನವರಂತೆ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ನೀರು ಹರಿಸಿದರೆ ಎಷ್ಟು ಚೆಂದ ಎಂದು ಇನ್ನೊಬ್ಬರು ಕನಸು ಕಂಡರು.

“ಚೆಂದ ಹೌದು. ವರ್ಷ ವರ್ಷ ಹೊಸ ದಂಬೆ ಹೊತ್ತು ಹಾಕಲೆ ನಿಂಗನೇ ಬನ್ನಿ” ಎಂದಳು ಆಕೆ.

ಆಗ ಬಾಯಿ ತೆರೆದವನು ಗಾರ್ಡ್.

“ನೋಡ್ರೀ ಸರ, ಆ ಹಾದ್ಯಾಗ ನಾ ದಿನಾ ಅಡ್ಡಾಡ್ತೀನಿ. ಇಷ್ಟ್ ವರ್ಷಾತು, ಆ ಪೈಪ್ ನನ್ನ ಕಣ್ಣಿಗೆ ಬಿದ್ದಿದ್ದಿಲ್ಲ. ನನಗಿಂತ ಮೊದಲಿದ್ದಾಂವಗೂ ಬಿದ್ದಿದ್ದಿಲ್ಲ. ಇವತ್ತ ನೀವು ಕಿತ್ಕೊಂಡು ಬಂದು ನನ್ನ ಮಾರಿಗೆ ಹಿಡದ್ರಿ. ಕೈಯಾಗ ಕೊಟ್ಟು ಫೋಟೋನೂ ತಗದ್ರಿ. ಈಗ ನಾ ಕುರುಡ ಆಗೂದು ಹೆಂಗ್ರೀ? ಪೈಪ್ ಆಫೀಸಿಗೆ ಒಯ್ಯಬೇಕ್ರಿ. ಒಳಗ ಹೋದ ಮಾಲು ಹೊರಗ ಬರೂದಿಲ್ಲ.”

ಘಟ್ಟದ ಮೇಲಿನ ಕಾನೂನಿನ ಬಗ್ಗೆ ನಾನು ಓದಿದ ಪುಸ್ತಕಗಳಲ್ಲಿ ಈ ಸಂಗತಿ ಎಲ್ಲಿಯೂ ಇಲ್ಲ. ಕಾಡಂಚಿನ ಮನೆಗಳು ನಿಂತಿರುವುದು ಕಾಯಿದೆಯ ಮೇಲಲ್ಲ, ಒಬ್ಬ ಗಾರ್ಡ್ ದಿನವೂ ತಪ್ಪದೆ ನೋಡದೆ ಹೋಗುವ ಸೌಜನ್ಯದ ಮೇಲೆ. ನಮ್ಮ ಶಿಬಿರ ಮಾಡಿದ ಮಹತ್ಕಾರ್ಯವೆಂದರೆ ಆ ಮನುಷ್ಯನ ಕಣ್ಣು ತೆರೆಸಿದ್ದು.

“ಮತ್ತೆ ಏನು ಮಾಡಬೇಕಪ್ಪ?” ಎಂದು ನಾನು ಕೇಳಿದೆ.

“ಫೋಟೋ ಇಲ್ಲಂದ್ರ ನಾನೂ ಕಂಡಿಲ್ಲ, ನೀವೂ ಕಂಡಿಲ್ರಿ ಅಜ್ಜಾರ.”

ಡಿಜಿಟಲ್ ಕ್ಯಾಮೆರಾ ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ಆ ಒಂದು ಫೋಟೋ ಇಲ್ಲವಾಗಬೇಕಾದರೆ ಕ್ಯಾಮೆರಾದ ಬೆನ್ನು ತೆರೆದು ಇಡೀ ರೋಲನ್ನು ಬಿಸಿಲಿಗೆ ಹಿಡಿಯಬೇಕು. ಈ ಮಾತು ತಿಳಿದದ್ದೇ ತಡ, ಅಷ್ಟು ಹೊತ್ತು ಪೈಪು ಹೊರಲು ಹೆಗಲು ಕೊಟ್ಟು ನಿಂತಿದ್ದವರೆಲ್ಲ ತತ್ತ್ವಜ್ಞಾನಿಗಳಾದರು. ರೋಲಿನಲ್ಲಿ ಪ್ರತಿಯೊಬ್ಬರೂ ಇದ್ದರು: ಗುದ್ದಲಿ ಹಿಡಿದವರು, ಮರ ತಬ್ಬಿದವರು, ಸೂರ್ಯೋದಯವನ್ನು ನೋಡುತ್ತಿರುವಂತೆ ನಿಂತು ಕ್ಯಾಮೆರಾವನ್ನೇ ನೋಡಿದವರು. ಎಲ್ಲಕ್ಕಿಂತ ಮಿಗಿಲಾಗಿ, ಅಂದು ಬೆಳಿಗ್ಗೆ ಗುಡ್ಡದ ಮೇಲೆ ನಾಯಕರು ಮಂಗಟ್ಟೆ ಹಕ್ಕಿಯೊಂದನ್ನು ಹೊಡೆದಿದ್ದರು, ಫೋಟೋದಲ್ಲಿ. ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಹೊತ್ತ ಆ ದೊಡ್ಡ ಹಕ್ಕಿಗಾಗಿ ಅವರು ಎಷ್ಟೋ ಕಾಡು ಅಲೆದಿದ್ದರಂತೆ.

“ಆ ಒಂದನ್ನ ನಾನು ಪ್ರಿಂಟ್ ಹಾಕ್ಸಲ್ಲ. ಪ್ರಾಮಿಸ್” ಎಂದರು ನಾಯಕರು.

“ಸ್ಟುಡಿಯೋದಾಂವ ಎಲ್ಲಾ ತೊಳಿತಾನ್ರಿ. ಅದರಾಗ ನಾ ಹಲ್ಲು ಕಿಸದು ನಿಂತೀನಿ. ನನಗೂ ಹೆಂಡ್ತಿ ಮಕ್ಕಳು ಅದಾರ” ಎಂದು ಗಾರ್ಡ್ ಸುರುಳಿಯೊಂದಕ್ಕೆ ಕೈ ಹಾಕಿದ.

ಮನೆಯಾಕೆ ಕೊಡಪಾನವನ್ನು ಕೆಳಗಿಟ್ಟು, ಸೆರಗು ಸಿಕ್ಕಿಸಿ, ಉಳಿದ ಸುರುಳಿಗಳ ಮೇಲೆ ಕುಳಿತುಬಿಟ್ಟಳು.

“ತಗಂಡು ಹೋಗವು ಹೇಳಾದ್ರೆ ಆನೂ ಬತ್ತೆ. ಅತ್ತೆನೂ ಹೊತ್ಗಳಿ, ದನನೂ ಹೊಡ್ಕಂಡು ಹೋಗಿ. ನಿಂಗ್ಳ ಆಫೀಸಲ್ಲಿ ನೀರಿದ್ದಾ?” ಎಂದು ಗಾರ್ಡ್‌ಗೆ ಹೇಳಿ, ನಾಯಕರ ಕಡೆ ನೋಡಿದಳು. “ಯಾವ ಹಕ್ಕಿ ಅದು? ಮಂಗಟ್ಟೆಯಾ? ನಂಗ್ಳ ಹಿತ್ಲ ಬಸ್ರಿ ಮರಕ್ಕೆ ದಿನಾ ಬೆಳಿಗ್ಗೆ ಬಂದು ಗಲಾಟೆ ಮಾಡ್ತು. ನಾಳೆ ಬಂದು ತೆಕ್ಕಳಿ. ಇವತ್ತಿಂದು ಬಿಡಿ.”

ನಾಯಕರು ನನ್ನನ್ನು ನೋಡಿದರು. ವಾದದಲ್ಲಿ ಮೊದಲ ದಿನದಿಂದ ಅಡ್ಡ ನಿಂತವನು ಈಗಲಾದರೂ ಏನಾದರೂ ಹೇಳಿ ಪಾರುಮಾಡಿಯಾನೆಂಬ ಆಸೆ ಇತ್ತೋ ಏನೋ. ಕೊನೆಗೆ ಅವರು ಕ್ಯಾಮೆರಾವನ್ನು ಕೊರಳಿಂದ ತೆಗೆದು, ಬೆನ್ನು ತೆರೆದು, ರೋಲನ್ನು ಉದ್ದಕ್ಕೆ ಎಳೆದರು. ಬಿಸಿಲಿನಲ್ಲಿ ಅದು ಕಂದುಬಣ್ಣದ ಬರಿಯ ಪಟ್ಟಿ. ಅಪಹಾಸ್ಯ ಮಾಡುವ ಮನಸ್ಸು ಆ ಗಳಿಗೆಯಲ್ಲಿ ನನಗೂ ಬರಲಿಲ್ಲ. ಗಾರ್ಡ್ ಸೈಕಲ್ ತಿರುಗಿಸಿ, “ಇಲ್ಲಿ ಎಲ್ಲಾ ಬರೋಬ್ಬರಿ ಐತ್ರಿ” ಎಂದು ಯಾರಿಗೋ ವರದಿ ಒಪ್ಪಿಸುವವನಂತೆ ಹೇಳಿ ಹೊರಟುಹೋದ.

ಕಿತ್ತಷ್ಟು ಸಲೀಸಾಗಿ ಪೈಪು ಮರಳಿ ಕೂರಲಿಲ್ಲ. ಯಾವ ತುಂಡಿನ ಮುಂದೆ ಯಾವ ತುಂಡು ಎಂಬುದು ಬಿಚ್ಚಿದವರಿಗೆ ನೆನಪಿರಲಿಲ್ಲ. ಹಸಿದ ಹೊಟ್ಟೆಯಲ್ಲಿ, ಟ್ಯೂಬಿನ ಪಟ್ಟಿಯನ್ನು ಹಲ್ಲಿನಲ್ಲಿ ಎಳೆದು ಕಟ್ಟುತ್ತ, ಆದಿಮ ಅರಣ್ಯದ ಉದ್ದಕ್ಕೂ ನಾವು ಪ್ಲಾಸ್ಟಿಕ್ ಹಾಸಿದೆವು. ಎಲ್ಲ ಜೋಡಿಸಿ ಮುಗಿದರೂ ನೀರು ಇಳಿಯಲಿಲ್ಲ. ನಡುವೆ ಗಾಳಿ ಕಟ್ಟಿತ್ತು. ಗಾಳಿ ಬಿಡಿಸಬೇಕಾದರೆ ತಗ್ಗಿನ ಜೋಡಣೆಯೊಂದನ್ನು ಬಿಚ್ಚಿ ಯಾರಾದರೂ ಬಾಯಿಟ್ಟು ಹೀರಬೇಕು.

“ಬಿಚ್ಚಿದವ್ವೇ ಹೀರವು” ಎಂದಳು ಆಕೆ.

ನಾಯಕರು ಮೊಣಕಾಲೂರಿ ಕುಳಿತು ಹೀರಿದರು. ಕೆನ್ನೆ ಒಳಗೆ ಹೋಯಿತು, ಕಣ್ಣು ಹೊರಗೆ ಬಂತು. ಇನ್ನೇನು ಬಿಟ್ಟುಬಿಡುತ್ತಾರೆ ಎನ್ನುವಾಗ ಪೈಪು ಗೊಳಗೊಳ ಎಂದು, ಕೊಳೆತ ಎಲೆ, ಮಣ್ಣು, ಎಲ್ಲ ಸೇರಿದ ರಾಡಿ ಅವರ ಬಾಯಿಗೂ ಹದಿನಾರು ಜೇಬುಗಳ ಅಂಗಿಗೂ ನುಗ್ಗಿತು. ಆಕೆ ನಗಲಿಲ್ಲ. ಅವರ ಕೈಯಿಂದ ತುದಿಯನ್ನು ಕಸಿದು ಜೋಡಿಸಿ, ಕೆಳಗೆ ಮನೆಯತ್ತ ಓಡಿದಳು. ಕೆಳಗಿನಿಂದ ಅವಳ ಕೂಗು ಕೇಳಿಸಿತು: “ಬಂತು! ರಾಡಿ ನೀರು, ಆದ್ರೂ ಬಂತು!”

ಆ ದಿನದ ಮಧ್ಯಾಹ್ನದ ಊಟ ನಮಗೆ ಸಂಜೆ ಸಿಕ್ಕಿತು. ಉದ್ಯಾನದ ಮೇಲಿನ ಒತ್ತಡದ ವಿಷಯ ಯಾರೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ನಾಯಕರು ಹೊಸ ರೋಲು ತುಂಬಿಕೊಂಡು ಆ ಮನೆಯ ಹಿತ್ತಿಲಿಗೆ ಹೋದರು, ನಾನೂ ಹೋದೆ. ಆಕೆ ಹೇಳಿದ್ದು ನಿಜವಾಗಿತ್ತು. ಬಸರಿ ಮರದ ಕೊಂಬೆಯಲ್ಲಿ ಮಂಗಟ್ಟೆ ಕುಳಿತು ಹಣ್ಣನ್ನು ಮೇಲಕ್ಕೆಸೆದು ನುಂಗುತ್ತಿತ್ತು. ಅವರು ಕ್ಯಾಮೆರಾ ಎತ್ತಿದರು. ಕೊಟ್ಟಿಗೆಯಿಂದ ಧಾವಿಸಿ ಬಂದ ಮನೆಯಾಕೆ ಸೆಗಣಿಯ ಕೈಯನ್ನು ಅದರ ಮುಂದೆ ಅಡ್ಡ ಹಿಡಿದಳು.

“ತಡ್ಕಳಿ. ಮೊದ್ಲು ಆನು ನೋಡ್ತೆ.”

ಕೈ ತೊಳೆದುಬಂದು ಕ್ಯಾಮೆರಾಕ್ಕೆ ಕಣ್ಣಿಟ್ಟಳು. ಮರದ ಬುಡದಲ್ಲೇ ಅವಳ ಪೈಪು ಹಾದುಬಂದು ಹಂಡೆಗೆ ನೀರು ಸುರಿಸುತ್ತಿತ್ತು.

“ಪೈಪು ಕಾಣ್ತು. ಆಚಿಗೆ ತಿರುಗ್ಸಿ. ಇನ್ನೂ. ಇನ್ನೂ ಸ್ವಲ್ಪ ಮೇಲೆ…”

ನಾಯಕರು ಅವಳು ಹೇಳಿದತ್ತ ತಿರುಗಿಸುತ್ತ ಹೋದರು.

“ಹೂಂ, ಈಗ ಹೊಡಿರಿ” ಎಂದು ಅವಳು ಸರಿದು ನಿಂತಾಗ ಕೊಂಬೆ ಖಾಲಿಯಿತ್ತು. ಅವರು ಆ ಖಾಲಿ ಕೊಂಬೆಯನ್ನೇ ಒಂದು ಫೋಟೋ ಹೊಡೆದುಕೊಂಡರು. ಆಕೆ ತುಂಬಿದ ಕೊಡಪಾನವನ್ನೆತ್ತಿಕೊಂಡು ಒಳಗೆ ಹೋದಳು.