ಸಿಡಿಲಿನ ಕಲ್ಲು

ಬಂಡೂರಿನಲ್ಲಿ ನಮ್ಮ ಪಕ್ಕದ ಮನೆಯವಳು ಚಿಕ್ಕಬೋರಮ್ಮ, ಮಗಾ. ಅವಳ ಉಪ್ಸಾರಿನ ರುಚಿ ಇನ್ನೂ ನಾಲಗೆ ಮೇಲಿದೆ, ಇರಲಿ ಬಿಡು. ಅವಳ ಗಂಡ ಹಳ್ಳದಲ್ಲಿ ಕುರಿ ಕಾಯುವಾಗ ಸಿಡಿಲು ಬಡಿದು ಸತ್ತ. ಅಲ್ಲೇ ಅವಳಿಗೆ ಅಂಚು ಹರಿತವಾದ ನುಣುಪು ಕಲ್ಲೊಂದು ಸಿಕ್ಕಿತು. ಬಿದ್ದ ಸಿಡಿಲು ಅದೇ ಎಂದು ಊರೆಲ್ಲ ಹೇಳಿತು. ಅವಳು ಅದನ್ನು ಗೋಡೆಗೂಡಿನಲ್ಲಿಟ್ಟು ದಿನಾ ಸಂಜೆ ಬೈಯುತ್ತಿದ್ದಳು: "ಲೇ ಮನೆಹಾಳ, ಮುದ್ದೆ ತೊಳ್ಸಿವ್ನಿ, ಉಣ್ಣೋನ್ನ ಎಲ್ಲಿ ಮಡಗಿದ್ದೀಯಲಾ?" ಮಕ್ಕಳಿಲ್ಲದ ಆ ಮನೆಯಲ್ಲಿ ಇದ್ದದ್ದು ಅದೊಂದೇ ಮಾತು.

ಸ್ವಾತಂತ್ರ್ಯ ಬರುವ ಹಿಂದಿನ ವರ್ಷ, ಹಳೇ ಕಲ್ಲುಗಳನ್ನು ಹುಡುಕುವ ಮೈಸೂರಿನ ಮೇಷ್ಟ್ರೊಬ್ಬರು ಬಂದು ಅದರ ಅಂಚು ಸವರಿ ನೋಡಿದರು.

"ಇದು ಸಿಡಿಲಲ್ಲಮ್ಮ. ಸಾವಿರಾರು ವರ್ಷದ ಹಿಂದೆ ಯಾರೋ ಉಜ್ಜಿ ಮಾಡಿದ ಕೊಡಲಿ."

"ಅಂಗಾರೆ ಇದು ಏನೂ ಮಾಡ್ಲಿಲ್ವಾ?" ಎಂದಳು. "ಇನ್ ಯಾರ್ನ ಬಯ್ಲಿ, ಸ್ವಾಮಿ?"

ಅವತ್ತು ಸಂಜೆ ಗೋಡೆಯಾಚೆ ಮಾತೇ ಕೇಳಲಿಲ್ಲ, ಮಗಾ.