ನಮ್ಮನೆಯವರು ಬೈಯದ ದಿನಗಳು

ನಮ್ಮನೆಯವರು ಸುಮ್ಮನೆ ಕೂತರೆ ಇವತ್ತಿಗೂ ನನ್ನೆದೆ ಢವಗುಟ್ಟುತ್ತದೆ. ಬೈಯುತ್ತಿದ್ದರೆ ನಿಶ್ಚಿಂತೆ. ಬೆಟ್ಟದಪುರದ ನಮ್ಮ ಬೀದಿಯಲ್ಲಿ ಅವರ ಬಾಯಿಗೆ ಬೀಳದವರಿಲ್ಲ. ಎತ್ತಿಗೂ ಬೈಗುಳ, ತಡವಾಗಿ ಬಂದ ಬಸ್ಸಿಗೂ ಬೈಗುಳ. ನಾನೇನೂ ಬಾಯಿ ಸತ್ತವಳಲ್ಲ, ಒಂದಕ್ಕೆರಡು ಕೊಡುತ್ತಿದ್ದೆ. ಹಾಗೇ ಸಂಸಾರ ನಡೆದಿತ್ತು.

ಆ ವರ್ಷ ಹೊಗೆಸೊಪ್ಪು ಪೋಣಿಸಿದ ಕಡ್ಡಿಗಳನ್ನು ಸೊಪ್ಪು ಬೇಯಿಸುವ ಬ್ಯಾರನ್ನಿನೊಳಗೆ ಏರಿಸುವಾಗ ಅವರು ಮೇಲಿನ ಅಡ್ಡಮರದಿಂದ ಜಾರಿದರು. ಕೆಳಗಿನ ಮರಕ್ಕೆ ಬಲಪಕ್ಕೆ ಬಡಿಯಿತು. ಲಿವರ್ ಸೀಳಿದೆ, ತಾನಾಗಿ ಕೂಡಿಕೊಳ್ಳಬಹುದು ಎಂದು ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿಸಿಕೊಂಡರು. ರಕ್ತವೇನೋ ನಿಂತಿತು, ಆದರೆ ಹೊಟ್ಟೆ ಉಬ್ಬುತ್ತಾ ಬಂತು. ಸೀಳಿನಿಂದ ಪಿತ್ತರಸ ಒಳಗೇ ಸೋರುತ್ತಿತ್ತಂತೆ. ಪಕ್ಕೆಗೊಂದು ಟ್ಯೂಬು ಹಾಕಿ, ತುದಿಗೆ ಚೀಲ ಕಟ್ಟಿ ಮನೆಗೆ ಕಳಿಸಿದರು. ಸೋರುವುದು ದಿನದಿನಕ್ಕೂ ಕಡಿಮೆಯಾಗಬೇಕು, ಆಗದಿದ್ದರೆ ತಡಮಾಡದೆ ಕರೆತನ್ನಿ ಎಂದಿದ್ದರು ಡಾಕ್ಟರು.

ಕಡಿಮೆಯಾಗಲಿಲ್ಲ. ಬೆಳಗ್ಗೆ ಖಾಲಿ ಮಾಡಿದ ಚೀಲ ಸಂಜೆಗೆ ಹಸಿರುಹಳದಿ ರಸದಿಂದ ಉಬ್ಬಿರುತ್ತಿತ್ತು. ಬ್ಯಾರನ್ನಿನ ಒಲೆಯ ಮುಂದೆ ಕೂತರೆ ಚೀಲದ ಯೋಚನೆ, ಚೀಲದ ಪಕ್ಕ ಕೂತರೆ ಒಲೆಯ ಯೋಚನೆ. ಸೊಪ್ಪು ಹದಕ್ಕೆ ಬರುವ ತನಕ ಸೌದೆ ಹಾಕುತ್ತಲೇ ಇರಬೇಕು. ಗಂಡ ಮಲಗಿದ್ದಾನೆಂದು ಬೆಂಕಿ ಕಾಯುತ್ತದೆಯೇ?

ಅತ್ತೆಗೆ ಮಾತ್ರ ಸಂತೋಷ. ನಮ್ಮ ಕಡೆ ತಲೆಸುತ್ತಿದರೂ ಪಿತ್ತ, ಸಿಟ್ಟು ಬಂದರೂ ಪಿತ್ತ. ಅದು ಮೈಯಿಂದ ಹೋದಷ್ಟೂ ಒಳ್ಳೆಯದೆಂದು ನಂಬಿದವರು ಅವರು. ನೋಡಲು ಬಂದವರಿಗೆಲ್ಲ ಚೀಲ ತೋರಿಸುತ್ತಿದ್ದರು. ರಾವಂದೂರಿನಿಂದ ಬಂದ ನಾದಿನಿಯೂ ತಲೆದೂಗಿದಳು.

“ಉಟ್ದಾಗಿಂದ ಸೇರ್ಕೊಂಡಿದ್ ಪಿತ್ತ ಕಣಮ್ಮಿ, ಆಚೆ ಬರ್ಲಿ ಬುಡು,” ಎಂದು ಅತ್ತೆ ನನಗೇ ಸಮಾಧಾನ ಹೇಳಿದರು.

ಅವರಿಗೆ ಸಾಕ್ಷಿಯೂ ಇತ್ತು. ಮಗನಿಗೆ ಸಿಟ್ಟೇ ಬರುತ್ತಿರಲಿಲ್ಲ. ಮೊದಮೊದಲು ನನಗೂ ಆ ನಿಶ್ಶಬ್ದ ಹಿತವೆನಿಸಿತು, ಸುಳ್ಳೇಕೆ ಹೇಳಲಿ. ಆಮೇಲೆ ಹೆದರಿಕೆ ಶುರುವಾಯಿತು. ಉಪ್ಪಿಲ್ಲದ ಸಾರು ಬಡಿಸಿದೆ, ಎರಡು ತುತ್ತು ತಿಂದು ತಟ್ಟೆ ಸರಿಸಿದರು. ಬೇಕೆಂದೇ ಕೆಣಕಿದೆ, ಅಡ್ಡಮರ ಏರಲು ಬಾರದವರಿಗೆ ಬ್ಯಾರನ್ ಯಾಕೆ ಎಂದೆ. “ಊಂ” ಎಂದು ಗೋಡೆಯ ಕಡೆ ತಿರುಗಿಕೊಂಡರು. ಕೆನ್ನೆ ಗುಳಿಬಿದ್ದು ಮೈ ಕರಗುತ್ತಿತ್ತು. ಮಾರನೆಯ ದಿನವೇ ಮೈಸೂರಿಗೆ ಕಾರು ಮಾಡಿಸಿದೆ.

ಡಾಕ್ಟರು ನನ್ನನ್ನೇ ಗದರಿದರು. ಇದು ಕರುಳಿಗೆ ಸೇರಬೇಕಾದ ರಸ, ಹೀಗೆ ಹೊರಗೆ ಹರಿದರೆ ಮೈ ಹೇಗೆ ನಿಲ್ಲಬೇಕು ಎಂದರು. ಪಿತ್ತನಾಳದ ಬಾಯಿ ಬಿಗಿಯಾಗಿರುವುದರಿಂದ ರಸ ಸೀಳಿನ ಕಡೆಗೇ ನುಗ್ಗುತ್ತಿದೆ. ಗಂಟಲಿನ ಮೂಲಕ ಕ್ಯಾಮೆರಾ ಇಳಿಸಿ ಆ ಬಾಯಿಯೊಳಗೆ ಸ್ಟೆಂಟ್ ಎಂಬ ಸಣ್ಣ ಪ್ಲಾಸ್ಟಿಕ್ ಕೊಳವೆ ಇಡುತ್ತೇವೆ, ಹೊಟ್ಟೆ ಕೊಯ್ಯುವುದಿಲ್ಲ, ಸೀಳು ಒಣಗಿದ ಮೇಲೆ ತೆಗೆಯುತ್ತೇವೆ ಎಂದರು. ತೂಬು ಎತ್ತಿದರೆ ಕೆರೆಯೇರಿಯ ಬಿರುಕಿನ ಮೇಲಿನ ಒತ್ತಡ ತಗ್ಗುತ್ತದಲ್ಲ, ಹಾಗೆ. ನನಗೆ ಅಷ್ಟು ಸಾಕಾಯಿತು.

ಅತ್ತೆಗೆ ಸಾಕಾಗಲಿಲ್ಲ. ಆಚೆ ಬಂದ ಪಿತ್ತವನ್ನು ಮತ್ತೆ ಒಳಕ್ಕೆ ತಿರುಗಿಸುತ್ತಾರಂತೆ, ಸಹಿ ಹಾಕಬೇಡ ಎಂದು ನನ್ನ ಕೈ ಹಿಡಿದುಕೊಂಡು ಗೋಳಾಡಿದರು.

“ನಿಮ್ಮಗ ಒಳ್ಳೇವ್ರಾಗ್ಬೇಕಾ, ಉಳೀಬೇಕಾ ಅತ್ತೆ?” ಎಂದುಬಿಟ್ಟೆ.

ಅವರು ಕೈ ಬಿಟ್ಟರು.

ಸ್ಟೆಂಟ್ ಹಾಕಿದ ಮೇಲೆ ಚೀಲ ದಿನೇ ದಿನೇ ಬತ್ತಿತು, ಕೊನೆಗೆ ಪಕ್ಕೆಯ ಟ್ಯೂಬನ್ನೂ ತೆಗೆದು ಮನೆಗೆ ಕಳಿಸಿದರು. ಊಟ ಸೇರತೊಡಗಿತು. ಮಾತು ಮಾತ್ರ ಬರಲಿಲ್ಲ. ಎಲ್ಲ ಸರಿಯಾಗಿದೆ ಎಂದು ಡಾಕ್ಟರು ಹೇಳಿದ್ದರೂ ನನಗೆ ನೆಮ್ಮದಿಯಿಲ್ಲ. ಗಳಿಗೆಗೊಮ್ಮೆ ಹೋಗಿ ಅವರ ಮುಖ ನೋಡಿ ಬರುತ್ತಿದ್ದೆ.

ಒಂದು ಬೆಳಗ್ಗೆ ಗೋಡೆ ಹಿಡಿದುಕೊಂಡು ಬ್ಯಾರನ್ನಿನ ತನಕ ನಡೆದುಬಂದರು. ನಾನು ಬೇಯಿಸಿ ಇಳಿಸಿದ್ದ ಸೊಪ್ಪನ್ನು ಎತ್ತಿ, ತಿರುಗಿಸಿ, ಮೂಸಿ ನೋಡಿದರು.

“ಬೆಂಕಿ ಜಾಸ್ತಿ ಕೊಟ್ಟು ಸೊಪ್ಪೆಲ್ಲ ಕಪ್ಪು ಮಾಡಿದ್ದೀಯಲ್ಲಮ್ಮಿ, ಕಣ್ಣೆಲ್ಲಿ ಮಡಗಿದ್ದೆ?”

ಬೀದಿಯ ಆ ತುದಿಗೂ ಕೇಳಿಸಿರಬೇಕು. ಸೌದೆ ಹಿಡಿದುಕೊಂಡೇ ಅಲ್ಲೇ ಕೂತುಬಿಟ್ಟೆ, ಅಳು ತಡೆಯಲಾಗಲಿಲ್ಲ. ಜಗಲಿಯಲ್ಲಿದ್ದ ಅತ್ತೆ ಹಣೆ ಚಚ್ಚಿಕೊಂಡರು. “ನೋಡ್ದಾ, ಪಿತ್ತ ಏರ್ತು,” ಎಂದರು. ಅನ್ನುವಾಗ ಅವರೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

“ಏರ್ಲಿ ಬುಡಿ ಅತ್ತೆ,” ಎಂದೆ. ಆಮೇಲೆ ಎದ್ದು ಮೂಗೊರೆಸಿಕೊಂಡು ಗಂಡನಿಗೆ ಒಂದಕ್ಕೆರಡು ಕೊಟ್ಟೆ.